ಪರದೆ ಬೆಳ್ಳಗಾದ ಮ್ಯಾಟಿನಿ

ಸಿನಿಮಾ ಆಪರೇಟರ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವ ಮಾತು ಇದು. ಆಪರೇಟರ್ ಆದವನು ಸಿನಿಮಾ ನೋಡಬಾರದು. ಪರದೆಯ ಬಲಗಡೆ ಮೇಲಿನ ಮೂಲೆ ಇದೆಯಲ್ಲ, ಅದನ್ನು ನೋಡಬೇಕು. ಈಗ ಅಲ್ಲಿ ಏನೂ ಬರುವುದಿಲ್ಲ. ನಮ್ಮ ಕಾಲದಲ್ಲಿ ಒಂದು ಚುಕ್ಕೆ ಬರುತ್ತಿತ್ತು.

ಒಂದು ಸಿನಿಮಾ ಅಂದರೆ ಆಗ ಹಲವು ರೀಲು, ಕ್ಯಾಬಿನ್ನಿನಲ್ಲಿ ಎರಡು ಮಷೀನು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ತಯಾರಾಗಿ ನಿಂತಿರಬೇಕು. ಮೊದಲ ಚುಕ್ಕೆ ಕಂಡರೆ ಆ ಮಷೀನಿನ ಮೋಟಾರು ಹಾಕಬೇಕು. ಮತ್ತೆ ಚುಕ್ಕೆ ಕಂಡ ಕೂಡಲೇ ಈ ಬೆಳಕು ಮುಚ್ಚಿ ಆ ಬೆಳಕು ತೆಗೆಯಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಯಾರೂ ಭೇಷ್ ಅನ್ನುವುದೂ ಇಲ್ಲ. ತಪ್ಪಿದರೆ ಪರದೆ ಬೆಳ್ಳಗಾಗುತ್ತದೆ. ಆಮೇಲೆ ನಮ್ಮ ಅಪ್ಪ ಅಮ್ಮನ ಸುದ್ದಿಯೆಲ್ಲ ಸೀಟಿಯ ಜೊತೆ ಮೇಲೆ ಬರುತ್ತದೆ.

ನಾನು ತಮಿಳುನಾಡಿನ ಉತ್ತಮಪಾಳಯದ ಒಂದು ಥಿಯೇಟರಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮುಗಿಸಿದವನು. ಮನೆಮಾತು ಕನ್ನಡ, ಶಾಲೆಯ ಅಕ್ಷರ ತಮಿಳು. ಶಾಲೆಗೂ ಹೋದದ್ದು ಮೀಸೆ ಬಂದ ಮೇಲೆ, ಆಪರೇಟರ್ ಲೈಸೆನ್ಸಿಗೆ ಓದು ಬೇಕು ಅಂದಾಗ. ಕನ್ನಡ ಅಕ್ಷರ ಕಲಿತದ್ದು ಕೆಲಸ ಬಿಟ್ಟ ಮೇಲೆ, ಮೊಬೈಲಿನಲ್ಲಿ. ಒಂದೊಂದೇ ಅಕ್ಷರ ಒತ್ತುತ್ತೇನೆ, ಹಾಗಾಗಿ ಮಾತು ಮುಂದೆ ಓಡಿ ಬೆರಳು ಹಿಂದೆ ಉಳಿಯುತ್ತದೆ. ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ಪಡದ ವಿಷಯ. ಸಿನಿಮಾವನ್ನು ನಾವು ಪಡ ಅನ್ನುತ್ತೇವೆ. ಆಫೀಸಿನಲ್ಲಿ ಪ್ರೀತಿ ಮಾಡುವ ಹುಡುಗ ಹುಡುಗಿಯ ನಗೆಪಡ ಅದು. ಅದು ನಮ್ಮಲ್ಲಿ ಓಡುತ್ತಿದ್ದಾಗ ನಮ್ಮ ಟಿಕೆಟ್ ಕೌಂಟರಿನ ಹುಡುಗಿ ಥಿಯೇಟರ್ ಬಿಟ್ಟು ಹೋಗುವುದರಲ್ಲಿದ್ದಳು, ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಆದರೆ ಅದಕ್ಕೆ ಮೊದಲು ಬೊಮ್ಮಯ್ಯ ಮಾಮನ ವಿಷಯ ಹೇಳಬೇಕು.

ಬೊಮ್ಮಯ್ಯ ಮಾಮ ದೊಡ್ಡ ಆಪರೇಟರ್, ನನಗೆ ಗುರು. ನಮ್ಮ ಪೈಕಿಯವನೇ. ತಲೆತಲಾಂತರದ ಹಿಂದೆ ಮೈಸೂರು ಕಡೆಯಿಂದ ಈ ಕಣಿವೆಗೆ ಬಂದು ಹೊಲ ಮಾಡಿಕೊಂಡ ಜನ ನಾವು. ಕಾರ್ಬನ್ ಕಡ್ಡಿಯ ಹೊಗೆ ಕುಡಿದು ಕುಡಿದು ಮಾಮನ ದನಿ ಒಡೆದುಹೋಗಿತ್ತು. ಎರಡು ಕಡ್ಡಿ ಎದುರುಬದುರು ಇಟ್ಟು ಕಿಡಿ ಹೊತ್ತಿಸಿದರೆ ಬರುವ ಬೆಳಕು, ಅದೇ ಪಡದ ಬೆಳಕು. ಕಡ್ಡಿ ಸವೆದ ಹಾಗೆಲ್ಲ ಹತ್ತಿರ ತರುತ್ತಲೇ ಇರಬೇಕು. ತುಂಬಾ ಹತ್ತಿರ ತಂದರೂ ಕೆಡುತ್ತದೆ, ದೂರವಾದರೆ ಆರಿಹೋಗುತ್ತದೆ. ನಾನು ಸೇರಿದ ಹೊಸದರಲ್ಲಿ ಪರದೆಯ ಮೇಲೆ ನಾಯಕಿ ಬಂದರೆ ಕಿಂಡಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಮಾಮ ಹಿಂದಿನಿಂದ ಕಿವಿ ಹಿಡಿದು ಮಾಪಿಳ್ಳೆ, ಅಂದರೆ ಅಳಿಯ, ಅಂತ ಕರೆಯುತ್ತಿದ್ದ.

"ಲೇ ಮಾಪಿಳ್ಳೆ, ಮೂಲೆ ನೋಡ್ರಾ, ಮೂಲೆ. ಮೂತಿ ನೋಡಕ್ಕೆ ಕೆಳಗೆ ಜನ ಟಿಕೆಟ್ ತಗಂಡು ಕುಂತವ್ರೆ."

ಕ್ಯಾಬಿನ್ನಿನಲ್ಲಿ ನಾವಿಬ್ಬರೂ ಕನ್ನಡವೇ ಆಡುತ್ತಿದ್ದೆವು. ಅದರಿಂದ ಒಂದು ಅನುಕೂಲ ಇತ್ತು. ಮಧುರೆಯಿಂದ ಪ್ರಿಂಟಿನ ಜೊತೆ ಕಂಪನಿಯ ಆಳು ಬರುತ್ತಿದ್ದ, ರೆಪ್ ಅಂತ. ಬಿಳಿ ಪ್ಯಾಂಟು ಹಾಕಿ ಬಂದು ಹೊಸ ಪ್ರಿಂಟು ಅಂತ ಸಾಧಿಸುತ್ತಿದ್ದ. ಮಾಮ ರೀಲನ್ನು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿ, "ಆಡು ಮೇದುಬುಟ್ಟ ಸೊಪ್ಪಂಗೈತೆ. ಇವ್ನ ಮೂತಿನೂ ಅಂಗೇ ಐತೆ," ಅನ್ನುತ್ತಿದ್ದ. ಮುಖದಲ್ಲಿ ನಗು ಇಲ್ಲ, ದೇವರ ಮುಂದೆ ನಿಂತ ಹಾಗೆ.

ಇದು ಯಾವ ಭಾಷೆ ಅಂತ ರೆಪ್ ಕೇಳುತ್ತಿದ್ದ, "ಎನ್ನ ಪಾಷೈ ಇದು? ತೆಲುಂಗಾ?"

"ಆಮಾಂಗ ಸಾರ್, ತೆಲುಂಗು," ಹೌದು ತೆಲುಗೇ ಅಂತ ಮಾಮ ವಿನಯದಿಂದ ಒಪ್ಪಿಕೊಳ್ಳುತ್ತಿದ್ದ.

ಹೀಗೆ ನಮ್ಮ ಮಾತು ಯಾರಿಗೂ ತಿಳಿಯುವುದಿಲ್ಲ ಅನ್ನುವುದು ನಮಗೆ ಅಭ್ಯಾಸವಾಯಿತು. ಹನುಮಂತನಪಟ್ಟಿಯ ದ್ರಾಕ್ಷಿ ತೋಟಗಳಿಂದ ನಮ್ಮ ಪೈಕಿ ಹೆಂಗಸರೇ ಗುಂಪು ಗುಂಪಾಗಿ ಮ್ಯಾಟಿನಿಗೆ ಬರುತ್ತಿದ್ದರು. ಅವರ ಎದುರು ಬಾಯಿ ಬಿಗಿ ಹಿಡಿಯುತ್ತಿದ್ದೆವು. ಮಿಕ್ಕವರ ಎದುರು ಇಲ್ಲ. ಯಾರು ನಮ್ಮವರು ಅಂತ ಮುಖ ನೋಡಿದರೆ ತಿಳಿಯುತ್ತದೆ ಅಂತ ಮಾಮನ ನಂಬಿಕೆ, ನಾನು ಅದನ್ನೂ ಪಾಠ ಅಂತಲೇ ಕಲಿತೆ.

ನನ್ನ ತಪ್ಪುಗಳೇನು ಕಡಿಮೆ ಇರಲಿಲ್ಲ. ಒಮ್ಮೆ ರೀಲು ತಲೆಕೆಳಗಾಗಿ ಸುತ್ತಿ ಹಾಕಿಬಿಟ್ಟೆ. ನಾಯಕ ಆಕಾಶದ ಮೇಲೆ ನಡೆದು ಬಂದ. ಮೊದಲು ಎಲ್ಲರೂ ಕತ್ತು ಬಾಗಿಸಿ ನೋಡಿದರು. ಆಮೇಲೆ ಗಲಾಟೆ. ನಮ್ಮ ಮುದಲಾಳಿ, ಅಂದರೆ ಯಜಮಾನರು, ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ನನ್ನನ್ನೇ ನೋಡಿ, "ತಂಬಿ, ನೀ ನೇರಾ ತಾನೇ ನಿಕ್ಕಿರೆ?" ಅಂದರು. ನೀನಾದರೂ ನೆಟ್ಟಗೆ ನಿಂತಿದ್ದೀಯಲ್ಲ ಅಂತ. ಬೈದದ್ದಕ್ಕಿಂತ ಹೆಚ್ಚು ನಾಟಿತು. ಒಳ್ಳೆಯವರು. ಒಂದೇ ಹಟ, ಥಿಯೇಟರಿನಲ್ಲಿ ಕೆಲಸ ಮಾಡುವವರು ಪ್ರೀತಿ ಗೀತಿ ಅನ್ನಬಾರದು. ಹಿಂದೊಮ್ಮೆ ಸೋಡಾ ಮಾರುವವನೂ ಕಸ ಗುಡಿಸುವವಳೂ ಒಟ್ಟಿಗೆ ಊರು ಬಿಟ್ಟು, ದೀಪಾವಳಿಯ ಹೊಸ ಪಡಕ್ಕೆ ಥಿಯೇಟರ್ ಗುಡಿಸದೆ ಉಳಿದಿತ್ತಂತೆ. ಅಂದಿನಿಂದ ಕಟ್ಟುನಿಟ್ಟು. ಪ್ರೀತಿ ಪರದೆ ಮೇಲೆ ಇರಲಿ, ಅದರ ಈಚೆ ಕಂಡರೆ ಇಬ್ಬರಿಗೂ ಕೆಲಸ ಇಲ್ಲ.

ಆ ಕಾಲಕ್ಕೆ ಪೂಂಗೊಡಿ ಬಂದಳು. ಹೆಂಗಸರ ಟಿಕೆಟ್ ಕೌಂಟರಿಗೆ. ವೇದಸಂದೂರಿನವಳು, ಅಪ್ಪ ಅಲ್ಲಿನ ನೂಲಿನ ಮಿಲ್ಲಿನಲ್ಲಿದ್ದು ತೀರಿಹೋಗಿದ್ದರು. ಇಲ್ಲಿ ಒಬ್ಬ ನರ್ಸಮ್ಮನ ಜೊತೆ ಕೋಣೆ ಹಂಚಿಕೊಂಡಿದ್ದಳು. ಆಡುತ್ತಿದ್ದದ್ದು ಅಚ್ಚ ದಿಂಡುಗಲ್ ತಮಿಳು. ಟಿಕೆಟ್ ಕೊಟ್ಟು ಮುಗಿದ ಮೇಲೆ ಗೋಡೆಯಲ್ಲಿದ್ದ ಬೆಲ್ಲಿನ ಗುಂಡಿ ಒತ್ತುವುದೂ ಅವಳ ಕೆಲಸ. ಒಂದು ಸಲ ಹೊಡೆದರೆ ಆಟ ಶುರು ಮಾಡು, ಎರಡು ಸಲ ಹೊಡೆದರೆ ಸ್ವಲ್ಪ ತಾಳು ಅಂತ. ಬೇರೆಯವರು ಒತ್ತಿದರೆ ಬೆಲ್ ಕಿರುಚುತ್ತಿತ್ತು. ಅವಳು ಒತ್ತಿದರೆ ಗುಬ್ಬಿ ಕೂಗಿದ ಹಾಗೆ ಚಿಕ್ಕದಾಗಿ ಕೇಳುತ್ತಿತ್ತು. ಮಧ್ಯಾಹ್ನ ಕಿಂಡಿಯಿಂದ ಬೆಳಕು ಹೊರಡುವಾಗ ಅದರೊಳಗೆ ಧೂಳು ತೇಲುತ್ತದೆ, ನೋಡಿರುತ್ತೀರಿ. ಆ ಬೆಲ್ ಕೇಳಿ ಬೆಳಕು ತೆಗೆದ ದಿನಗಳಲ್ಲಿ ಆ ಧೂಳೂ ಯಾವುದೋ ಹಾಡಿಗೆ ಏಳುತ್ತಿದೆ ಅನ್ನಿಸುತ್ತಿತ್ತು. ಎಲ್ಲರೂ ಕರೆದ ಹಾಗೆ ಅವಳೂ ನನ್ನನ್ನು "ಆಪರೇಟರ್ ಅಣ್ಣೇ" ಅನ್ನುತ್ತಿದ್ದಳು. ನಮ್ಮ ಜನರಲ್ಲಿ ಅಣ್ಣ ಅಂದರೆ ಮುಗಿಯಿತು. ಮದುವೆ ಮೊರೆ, ಅಂದರೆ ಮದುವೆಯಾಗಬಹುದಾದ ವರಸೆ, ಇರುವವನನ್ನು ಮಾಮ ಅನ್ನುತ್ತಾರೆ. ತಮಿಳು ಹುಡುಗಿ, ಅವಳಿಗೇನು ಗೊತ್ತು ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಟಕ್ಕೆ ಮುಂಚೆ ನಾನೂ ಬೊಮ್ಮಯ್ಯ ಮಾಮನೂ ಕೌಂಟರ್ ಪಕ್ಕದಲ್ಲೇ ನಿಂತು ಟೀ ಕುಡಿಯುತ್ತಿದ್ದೆವು. ಅವಳು ಕಂಬಿಯ ಒಳಗೆ ಟಿಕೆಟ್ ಹರಿದು ಜೋಡಿಸುತ್ತಾ ಕೂತಿರುತ್ತಿದ್ದಳು. ನಾವು ನಮ್ಮ ಮಾತಿನಲ್ಲಿ ಧಾರಾಳವಾಗಿ ಶುರು ಮಾಡುತ್ತಿದ್ದೆವು.

"ಮಾಮಾ, ಇವತ್ತು ಕನಕಾಂಬ್ರ ಮುಡ್ಕಂಡವ್ಳೆ."

"ನಂಗೂ ಕಣ್ಣೈತೆ."

"ಒಂದೇ ಒಂದು ದಿನ ಅಣ್ಣೇ ಅನ್ದೇ ಇದ್ರೆ ನಾನು ಕಾರ್ಬನ್ ಇಲ್ದೇನೇ ಪಡ ಓಡಿಸ್ತೀನಿ ಮಾಮಾ. ನಾನೇ ಉರಿತೀನಿ."

"ಉರಿ, ಉರಿ. ಮುದಲಾಳಿಗೆ ಕರೆಂಟು ಮಿಗ್ತೈತೆ. ಓಗಿ ಯೋಳೋ ಅವ್ಳಿಗೆ."

"ಯಾವ ಬಾಸೇಲಿ ಯೋಳ್ಲಿ? ತಮಿಳಲ್ಲಿ ನಂಗೆ ಟಿಕೆಟ್ ಕೇಳಕ್ಕೆ ಬರ್ತೈತೆ, ಇದೆಲ್ಲ ಬರಲ್ಲ."

ಅವಳು ತಲೆ ಎತ್ತಿ ತಮಿಳಿನಲ್ಲಿ, "ಏನಣ್ಣೇ, ಟೀ ಆರ್ತಾ ಇದೆಯಲ್ಲ," ಅನ್ನುವಳು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಖಾಲಿ. ನಾವು ಇನ್ನೂ ಧೈರ್ಯವಾಗಿ ಮುಂದುವರಿಸುತ್ತಿದ್ದೆವು. ಅವಳ ಓಲೆ, ಅವಳ ನಡಿಗೆ, ಕೋಪ ಬಂದಾಗ ಅವಳು ಚಿಲ್ಲರೆ ಎಸೆಯುವ ರೀತಿ, ಒಂದನ್ನೂ ಬಿಡಲಿಲ್ಲ. ಬೇಸಿಗೆಯಿಂದ ದ್ರಾಕ್ಷಿ ಕೊಯ್ಲಿನ ತನಕ ಇದೇ ನಡೆಯಿತು.

ಆಗ ಆ ಪಡ ಬಂತು. ದಿಂಡುಗಲ್ಲಿನಲ್ಲಿ ಓಡಿ ಮುಗಿದು, ತಗಡಿನ ಪೆಟ್ಟಿಯಲ್ಲಿ ಬಸ್ಸಿನ ಮೇಲೆ ಕೂತು ಬಂತು. ಹೆಸರು ಹೇಳುವುದಿಲ್ಲ, ದೊಡ್ಡ ಹೆಸರೇನೂ ಮಾಡಿದ ಪಡವಲ್ಲ. ಕೊಡೆ ಮಾಡುವ ಕಂಪನಿಯ ಆಫೀಸು. ಮೇನೇಜರು ಮದುವೆಯಾಗದವನು, ಆಫೀಸಿನಲ್ಲಿ ಪ್ರೀತಿ ಮಾಡಿದರೆ ಕೆಲಸದಿಂದ ತೆಗೆಯುತ್ತೇನೆ ಅನ್ನುತ್ತಾನೆ. ಹುಡುಗ ಹುಡುಗಿ ಪ್ರೀತಿ ಮುಚ್ಚಿಡಲು ದಿನಾ ಎಲ್ಲರೆದುರು ಜಗಳ ಆಡುತ್ತಾರೆ. ಮೇನೇಜರು ಜಗಳ ಬಿಡಿಸುತ್ತೇನೆ ಅಂತ ಇಬ್ಬರನ್ನೂ ಒಂದೇ ಮೇಜಿಗೆ ಎದುರುಬದುರು ಕೂರಿಸುತ್ತಾನೆ. ಕೊನೆಗೆ ಅವನೇ ಕ್ಯಾಂಟೀನ್ ನಡೆಸುವ ಹೆಂಗಸಿನ ಮುಂದೆ ಕೊಡೆ ಹಿಡಿದು ನಿಲ್ಲುತ್ತಾನೆ.

ಮೊದಲ ದಿನ ಹತ್ತಾರು ಜನ ಇದ್ದರು. ಆಮೇಲೆ ತೋಟದ ಹೆಂಗಸರಿಗೆ ಸುದ್ದಿ ಮುಟ್ಟಿ ಮ್ಯಾಟಿನಿ ತುಂಬತೊಡಗಿತು. ಮುದಲಾಳಿಯೂ ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ನೋಡಿದರು. ಆ ಮೇನೇಜರ್ ಬಂದಾಗಲೆಲ್ಲ ಹೊಟ್ಟೆ ಹಿಡಿದು ನಕ್ಕರು. ಟವೆಲಿನಲ್ಲಿ ಕಣ್ಣು ಒರೆಸಿಕೊಂಡು ಹೊರಗೆ ಬಂದವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಇಂಥದ್ದು ನಮ್ಮ ಥಿಯೇಟರಿನಲ್ಲಿ ನಡೆದರೆ ಚರ್ಮ ಸುಲಿಯುತ್ತೇನೆ ಅಂದರು. ಪೂಂಗೊಡಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಕೆಮ್ಮು ಬಂದವಳ ಹಾಗೆ ಸೆರಗು ಬಾಯಿಗೆ ಇಟ್ಟುಕೊಂಡಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ.

ನಾನು ಪಡದ ಮೂಲೆಯನ್ನು ನೋಡುತ್ತಾ ಮಾತು ಮಾತ್ರ ಕೇಳುತ್ತಿದ್ದೆ. ದಿನಾ ಕೇಳಿ ಕೇಳಿ ನನಗೆ ನಾನೇ ಆ ಆಫೀಸಿನಲ್ಲಿರುವ ಹಾಗೆ, ಮೇಜಿನ ಆಚೆ ಕನಕಾಂಬರ ಮುಡಿದವಳು ಕೂತಿರುವ ಹಾಗೆ ಆಗುತ್ತಿತ್ತು. ಮಷೀನಿನ ಕಟಕಟ ದೂರವಾಗುತ್ತಿತ್ತು. ಹಿಂದಿನ ಕಿಟಕಿಯಿಂದ ಮೇಘಮಲೆ ಕಡೆಯ ಗಾಳಿ ಬರುತ್ತಿತ್ತು. ಆದರೂ ಚುಕ್ಕೆ ಬಂದಾಗ ಕೈ ತಾನಾಗಿ ಹೋಗುತ್ತಿತ್ತು. ಒಂದು ದಿನ ಹೊರತು.

ಆ ದಿನ ಬೊಮ್ಮಯ್ಯ ಮಾಮ ಮುಂದಿನ ಪಡದ ಪೆಟ್ಟಿ ತರಲು ದಿಂಡುಗಲ್ಲಿಗೆ ಹೋಗಿದ್ದ. ನಾನೊಬ್ಬನೇ. ಮ್ಯಾಟಿನಿಗೆ ಮುಂಚೆ ಗೇಟಿನ ಹತ್ತಿರ ನಮ್ಮವನೇ ಆದ ಬೀಡಾ ಅಂಗಡಿಯವನ ಜೊತೆ ಕನ್ನಡದಲ್ಲಿ ಏನೋ ಹೇಳುತ್ತಿದ್ದೆ. ಬಸ್ಸಿಳಿದು ಬಂದ ಒಬ್ಬ ಅಮ್ಮ, ಕೈಯಲ್ಲಿ ವೈರಿನ ಬುಟ್ಟಿ, ನನ್ನ ಮಾತು ಕೇಳಿ ಮುಖ ಅರಳಿಸಿದಳು.

"ಏನಪ್ಪಾ, ನೀನೂ ನಮ್ಮ ಬಾಸೆಯೋನಾ? ನಮ್ಮ ಪೂಂಗೊಡಿ ಎಲ್ಲವ್ಳೆ? ಇಲ್ಲೇ ಟಿಕೆಟ್ ಕೊಡ್ತಾಳಂತಲ್ಲ."

ಕೌಂಟರಿನ ಕಡೆ ನೋಡಿದೆ. "ಯಾವ ಪೂಂಗೊಡಿ?" ಅಂದೆ.

"ನನ್ನ ಮಗಳು. ವೇದಸಂದೂರು. ನಮ್ಮಣ್ಣನ ಮಗನ್ಗೆ ಇವ್ಳ ಮದ್ವೆ ಗೊತ್ತು ಮಾಡೈತೆ, ನಾಳೆ ಇವ್ಳಿಗೆ ಊ ಮುಡ್ಸಕ್ಕೆ ಬರ್ತಾವ್ರೆ. ಸಾಯಂಕಾಲದ ಬಸ್ಸಿಗೆ ಕರ್ಕಂಡೋಗ್ಬೇಕು. ಇನ್ನೇನು, ಈ ಟಿಕೆಟ್ ಕೊಡೋ ವೇಲೆನೂ ಇವತ್ತಿಗೆ ಮುಗೀತು."

ಕೌಂಟರಿನ ಕಂಬಿಯ ಹಿಂದಿನಿಂದ ಪೂಂಗೊಡಿಯ ದನಿ ಬಂತು. "ಅವ್ವಾ, ಬಿಸ್ಲಲ್ಲಿ ಯಾಕೆ ನಿಂತಿದ್ದೀಯ? ಒಳಗ್ ಬಾ."

ಅಚ್ಚ ಕನ್ನಡ. ನನ್ನ ಅಮ್ಮ ಆಡುವ ಕನ್ನಡ.

ಅವಳು ನನ್ನ ಕಡೆ ನೋಡಲಿಲ್ಲ. ನಾನು ಮೆಟ್ಟಿಲು ಹತ್ತಿ ಕ್ಯಾಬಿನ್ ಬಾಗಿಲು ಹಾಕಿಕೊಂಡೆ. ಕನಕಾಂಬರ, ಓಲೆ, ನಾನೇ ಉರಿಯುತ್ತೇನೆ ಅಂದದ್ದು, ಒಂದೊಂದಾಗಿ ರೀಲು ಹಿಂದಕ್ಕೆ ಸುತ್ತಿದ ಹಾಗೆ ನೆನಪಾಯಿತು. ಎಲ್ಲವನ್ನೂ ಕೇಳಿದ್ದಾಳೆ. ಕೇಳಿಯೂ ದಿನಾ ಅಣ್ಣೇ ಅಂದಿದ್ದಾಳೆ. ಅಂದರೆ ತಿಳಿದೇ ಅಂದಿದ್ದಾಳೆ. ನಾಳೆಯಿಂದ ಇರುವುದೂ ಇಲ್ಲ. ಕೆಳಗೆ ಹೋಗಿ ಏನಾದರೂ ಹೇಳೋಣ ಅಂದರೆ ಮಾಮ ಊರಲ್ಲಿಲ್ಲ, ಕಾರ್ಬನ್ ಉರಿಯುವಾಗ ಮಷೀನು ಬಿಟ್ಟು ಹೋಗುವ ಹಾಗಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಒಂದೇ ಸಲ, ಗುಬ್ಬಿಯ ಹಾಗೆ. ಬೆಳಕು ತೆಗೆದೆ.

ಮಧ್ಯಂತರದಲ್ಲಿ ಅವಳು ಲೆಕ್ಕ ಒಪ್ಪಿಸಿ ಹೊರಡುತ್ತಾಳೆ ಅಂತ ನನಗೆ ಗೊತ್ತಿತ್ತು. ಅದಕ್ಕೆ ಮುಂಚಿನ ರೀಲು ಓಡುತ್ತಿತ್ತು, ಮೇನೇಜರು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವ ರೀಲು. ಜನ ನಗುತ್ತಿದ್ದರು. ಕಿಂಡಿಯಿಂದ ನೋಡಿದರೆ ಹೆಂಗಸರ ಕಡೆಯ ಬಾಗಿಲ ಹತ್ತಿರ ಅವಳೂ ಅವಳ ಅಮ್ಮನೂ ನಿಂತಿದ್ದಾರೆ. ಅಮ್ಮನ ಕಣ್ಣು ಪರದೆಯ ಮೇಲೆ. ಪೂಂಗೊಡಿಯ ಕೈಯಲ್ಲಿ ಬುಟ್ಟಿ. ಪರದೆಯ ಬೆಳಕು ಅವಳ ಕೆನ್ನೆಯ ಮೇಲೆ ಬಂದು ಬಂದು ಹೋಗುತ್ತಿದೆ, ಒಮ್ಮೆ ಹಳದಿ, ಒಮ್ಮೆ ನೀಲಿ. ನಾನು ಹೊತ್ತಿಸಿದ ಬೆಳಕು ಅದು. ಅಷ್ಟು ದಿನವೂ ಹಾಗೆ ಅವಳ ಮುಖದ ಮೇಲೆ ಬೀಳುತ್ತಿತ್ತು, ನಾನು ಮೂಲೆ ನೋಡುತ್ತಿದ್ದೆ. ಇವತ್ತು ಒಂದು ದಿನ ನೋಡಿಬಿಡೋಣ ಅಂತ ನೋಡಿದೆ.

ಮೊದಲ ಚುಕ್ಕೆ ಬಂದು ಹೋಯಿತು. ಎರಡನೆಯದೂ ಬಂದು ಹೋಯಿತು. ನನಗೆ ಕಂಡದ್ದು ಅವಳ ಕೆನ್ನೆ ಇದ್ದಕ್ಕಿದ್ದ ಹಾಗೆ ಬೆಳ್ಳಗಾದದ್ದು ಮಾತ್ರ. ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ಸೀಟಿ ಕೇಳಿಸಿತು.

ಪರದೆ ಪೂರ್ತಿ ಬಿಳಿ. ಥಿಯೇಟರ್ ಹಗಲಿನ ಹಾಗೆ. ಗಂಡಸರು ಬೆಂಚಿನ ಮೇಲೆ ನಿಂತು ತಿರುಗಿ ಕಿಂಡಿಯ ಕಡೆ ಕೈ ಬೀಸಿ ಕೂಗುತ್ತಿದ್ದಾರೆ. ಹೆಂಗಸರೂ ತಿರುಗಿದರು. ಪೂಂಗೊಡಿಯೂ ತಿರುಗಿದಳು. ನೇರವಾಗಿ ನನ್ನ ಕಿಂಡಿಯನ್ನೇ ನೋಡಿದಳು. ನಾನು ಎಲ್ಲಿ ನೋಡುತ್ತಿದ್ದೆ ಅನ್ನುವುದು ಅವಳಿಗೆ ತಿಳಿಯಿತು. ಬುಟ್ಟಿಯನ್ನು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ಆ ಗಲಾಟೆಯ ಮೇಲೆ ದನಿ ಎತ್ತಿ ಕೂಗಿದಳು.

"ಮಾಮೋ! ಮೊದ್ಲು ಪಡಾನ ನೋಡು ಮಾಮಾ! ನನ್ನ ಆಮ್ಯಾಕೆ ನೋಡೀವಂತೆ, ನಾನೆಲ್ಲೂ ಓಗಲ್ಲ!"

ತಮಿಳಿನವರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಹನುಮಂತನಪಟ್ಟಿಯ ಹೆಂಗಸರು, ಐದಾರು ಸಾಲು, ಹೋ ಅಂತ ನಕ್ಕರು. ಒಬ್ಬ ಅಕ್ಕ, "ಯೋಳ್ಬುಟ್ಲಪ್ಪಾ, ಯೋಳ್ಬುಟ್ಲು!" ಅಂತ ಪಕ್ಕದವಳ ಬೆನ್ನಿಗೆ ಹೊಡೆದಳು. ಪೂಂಗೊಡಿಯ ಅಮ್ಮ ಹಣೆಗೆ ಕೈ ಇಟ್ಟುಕೊಂಡು ನಿಂತಿದ್ದಳು. ನಾನು ಎರಡನೇ ಮಷೀನು ಹಾಕಿದೆ. ಪರದೆಯ ಮೇಲೆ ಆ ಮೇಜು, ಆ ಇಬ್ಬರೂ ಮತ್ತೆ ಬಂದರು.

ಮುದಲಾಳಿ ಟವೆಲ್ ಹಿಡಿದು ಒಳಗೆ ಓಡಿ ಬಂದದ್ದು ಕಂಡಿತು. ಅವರು ತಮಿಳಿನವರು. ಹುಡುಗಿ ಏನಂತ ಕೂಗಿದಳು ಅಂತ ಆ ಅಕ್ಕನನ್ನೇ ಕೇಳಿದರಂತೆ.

"ಒಣ್ಣುಮಿಲ್ಲಿಂಗ," ಏನಿಲ್ಲ ಅಂದಳಂತೆ ಅಕ್ಕ. ಆಪರೇಟರ್ ಗಮನ ಇಟ್ಟು ಕೆಲಸ ಮಾಡಲಿ ಅಂತ ಬೈದಳು, ಅಷ್ಟೇ.

"ನಲ್ಲ ಪೊಣ್ಣು," ಒಳ್ಳೆ ಹುಡುಗಿ, ಥಿಯೇಟರಿನ ಮೇಲೆ ಅಕ್ಕರೆ ಇರುವವಳು ಅವಳೊಬ್ಬಳೇ ಅಂತ ಹೊಗಳಿ ಹೋದರಂತೆ.

ಮಧ್ಯಂತರ ಆಯಿತು, ಅವರು ಹೊರಡಲಿಲ್ಲ. ಅಮ್ಮ ಬೆಂಚಿನಲ್ಲಿ ಕೂತು ಉಳಿದ ಅರ್ಧ ನೋಡಿದಳು. ಆಟ ಮುಗಿದು ನಾನು ಕೆಳಗೆ ಇಳಿದಾಗ ಸಾಯಂಕಾಲದ ಬಸ್ಸು ಹೋಗಿಯಾಗಿತ್ತು. ಅಮ್ಮ ಗೇಟಿನ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದಳು, ನನ್ನನ್ನು ಕಾಲಿಂದ ತಲೆ ತನಕ ನೋಡಿದಳು.

"ಕೊಡೆ ಇಡ್ಕಂಡ್ನಲ್ಲ ಮೇನೇಜರು, ಆ ಯಮ್ಮ ಒಪ್ಕಂಡ್ಳಾ? ಸರಿಯಾಗಿ ಕಾಣ್ಲಿಲ್ಲ. ಅಳು ಬಂತು."

"ಒಪ್ಕಂಡ್ಳು," ಅಂದೆ.

"ನೀನು ಯಾರ ಮಗ? ಯಾವ ಕುಲ?"

ಹೇಳಿದೆ. ಬೆರಳು ಮಡಿಸುತ್ತಾ ನಮ್ಮ ತಾತ, ತಾತನ ತಂಗಿ, ಕೊಟ್ಟ ಮನೆ ತಂದ ಮನೆ ಎಲ್ಲ ಕೇಳಿದಳು. ಪೂಂಗೊಡಿ ಹಿಂದಿನಿಂದ, "ಎಲ್ಲ ನಾನು ಕೇಳಾಗೈತೆ ಅವ್ವಾ. ತೋಟದ ಅಕ್ಕದೀರ್ನ ಕೇಳ್ದೆ. ಮೊರೆ ಸರಿಯಾಗೈತೆ," ಅಂದಳು.

"ಯಾವಾಗ ಕೇಳ್ದೆ?"

"ಇವ್ರು ಉರಿತೀನಿ ಅಂದ್ರಲ್ಲ, ಅವತ್ತು."

ನಾನು ಧೈರ್ಯ ಮಾಡಿ ಕೇಳಿದೆ, "ಅಂಗಾದ್ರೆ ನಮ್ಮ ಬಾಸೆ ಬರ್ತೈತೆ ಅಂತ ಯಾಕೆ ಯೋಳ್ಲಿಲ್ಲ?"

"ನೀವಿಬ್ರೂ ಕೇಳಿದ್ರಾ?" ಅಂದಳು. "ಯೋಳಿದ್ರೆ ಮಾತು ನಿಲ್ಸಿಬುಡ್ತಿದ್ರಿ."

ಅಮ್ಮ ಅವಳ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. "ನಮ್ಮಣ್ಣನ್ಗೆ ನಾನು ಏನ್ ಯೋಳ್ಲಿ? ಸರಿ, ನಿಮ್ಮಮ್ಮನ್ನ ಬಂದು ಕೇಳಕ್ಕೆ ಯೋಳಪ್ಪಾ. ಬೇಗ ಬರ್ಲಿ. ಇವ್ಳು ಇನ್ನೊಂದ್ ಸಲ ಇಂಗೆ ಕೂಗಿದ್ರೆ ನಾನು ಊರಲ್ಲಿ ತಲೆ ಎತ್ತಂಗಿಲ್ಲ."

ಮುದಲಾಳಿಗೆ ಗೊತ್ತಾದದ್ದು ಮದುವೆ ಪತ್ರಿಕೆ ಕೊಟ್ಟಾಗ. ಎರಡು ಹೆಸರೂ ಬೆರಳಿಟ್ಟು ಓದಿದರು. ಆ ಪಡದ ಮೇನೇಜರ್ ನಾನೇನಾ ಅಂತ ಬೊಮ್ಮಯ್ಯ ಮಾಮನನ್ನು ಕೇಳಿದರು. ಮಾಮ ದೇವರ ಮುಂದೆ ನಿಂತ ಮುಖ ಮಾಡಿ, ನಿಮಗೆ ಆಗಲೇ ಮದುವೆ ಆಗಿದೆಯಲ್ಲ ಸಾರ್ ಅಂದ. ಇಬ್ಬರಿಗೂ ಕೆಲಸ ಉಳಿಯಿತು. ಕಾರ್ಬನ್ ಹೋಗಿ ದೊಡ್ಡ ಲ್ಯಾಂಪು ಬಂತು, ಆಮೇಲೆ ರೀಲೇ ಹೋಗಿ ಪೆಟ್ಟಿಯಂಥ ಕಂಪ್ಯೂಟರ್ ಬಂತು. ಪಡ ತಂತಿಯಲ್ಲಿ ಬರುತ್ತದೆ, ಮೂಲೆಯಲ್ಲಿ ಚುಕ್ಕೆ ಇಲ್ಲ. ನೀವು ಕಲಿಯಬೇಕಾದದ್ದು ಬೇರೆ, ಅದನ್ನು ಹೇಳಿಕೊಡುವವರೂ ಬೇರೆ ಇದ್ದಾರೆ.

ನನಗೆ ಈಗಲೂ ಆಗಾಗ ಮಧ್ಯಾಹ್ನದ ನಿದ್ದೆಯಲ್ಲಿ ಬರುವುದು ಪರದೆ ಬೆಳ್ಳಗಾದದ್ದರ ಮಾರನೇ ದಿನದ ಮ್ಯಾಟಿನಿ. ಮಷೀನು ತಯಾರು ಮಾಡಿ, ಕಡ್ಡಿ ಇಟ್ಟು, ಬೆಲ್ಲಿಗೆ ಕಾಯುತ್ತಿದ್ದೆ. ಕೆಳಗೆ ಜನ ತುಂಬಿ ಗದ್ದಲ. ಬೆಲ್ ಆಗಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೆಂಗಸರು ಯಾರೂ ಹತ್ತದ ಮೆಟ್ಟಿಲು ಅದು. ಬಾಗಿಲಲ್ಲಿ ಪೂಂಗೊಡಿ, ತಲೆಯಲ್ಲಿ ಕನಕಾಂಬರ.

"ಬೆಲ್ ಕೆಟ್ಟೋಗೈತೆ ಮಾಮಾ," ಅಂದಳು. "ಶುರು ಮಾಡು."

ಶುರು ಮಾಡಿದೆ. ಆ ದಿನ ಒಂದು ಚುಕ್ಕೆಯೂ ತಪ್ಪಲಿಲ್ಲ. ಆಟ ಮುಗಿದು ಎಲ್ಲರೂ ಹೋದ ಮೇಲೆ ಕೆಳಗೆ ಇಳಿದು ಆ ಬೆಲ್ಲನ್ನು ಒತ್ತಿ ನೋಡಿದೆ. ಚೆನ್ನಾಗಿಯೇ ಹೊಡೆಯಿತು.